ಯಜಮಾನರ ಹೆಸರಿನ ಫೋನು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸಿಸ್ಟರಮ್ಮ. ಆಸ್ಪತ್ರೆಯ ನೌಕರಿ ಬಿಟ್ಟು ಬಹಳ ವರ್ಷಗಳಾಗಿದ್ದವು. ಬಿಳಿ ಕೋಟು ಹೋಗಿ ಒಂದು ಚರ್ಮದ ಚೀಲ ಉಳಿದಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಸೂಜಿ ಚುಚ್ಚುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುವುದು, ಮೂತ್ರದ ಕೊಳವೆ ಬದಲಾಯಿಸುವುದು ಅವಳ ಕಸುಬು. ಕೈ ಹಗುರ, ಬಾಯಿ ಖಾರ. ಸೂಜಿ ಕಂಡೊಡನೆ "ಅಯ್ಯೋ" ಎಂದವರಿಗೆ, "ಇನ್ನೂ ಚುಚ್ಚೇ ಇಲ್ಲ, ಆಗ್ಲೇ ಅಯ್ಯೋನಾ? ಉಳಿಸ್ಕೊಳ್ಳಿ, ಆಮೇಲೆ ಬೇಕಾಗುತ್ತೆ" ಅನ್ನುವಳು. ಬೈಸಿಕೊಂಡವರೇ ಮತ್ತೆ ಅವಳನ್ನು ಕರೆಸುತ್ತಿದ್ದರು.

ಕರೆಸುವುದು ಫೋನಿನಲ್ಲಿ. ಕೈಯಲ್ಲಿ ಹಿಡಿದು ತಿರುಗುವ ಫೋನಲ್ಲ, ಮನೆಯ ಫೋನು. ಎರಡು ಎತ್ತರದ ಕಟ್ಟಡಗಳ ನಡುವೆ, ನೆಲದ ಮಟ್ಟದಲ್ಲಿ, ಹಿಂಬದಿಗೆ ಎರಡು ಕೋಣೆಯ ಬಾಡಿಗೆ ಮನೆ ಅವಳದು. ಮಧ್ಯಾಹ್ನದಲ್ಲೂ ದೀಪ ಹಾಕಬೇಕು. ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ಗೇಟಿನ ಹೊರಗೆ ಹೋಗಿ ನಿಲ್ಲಬೇಕು. ಮಗಳು ಹಾಗೆ ನಿಂತೇ ತನ್ನ ಗೆಳತಿಯರ ಜೊತೆ ಮಾತಾಡುತ್ತಿದ್ದಳು. ಸಿಸ್ಟರಮ್ಮನ ಫೋನು ಮಾತ್ರ ಒಳಕೋಣೆಯ ಸ್ಟೂಲಿನ ಮೇಲೆ ಕೂತಿತ್ತು. ತಂತಿ ಬಿರುಕು ಬಿಟ್ಟಲ್ಲೆಲ್ಲ ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನಿಂದಲೇ ಅದಕ್ಕೂ ಪಟ್ಟಿ ಸುತ್ತಿದ್ದಳು. ಅವಳ ರೋಗಿಗಳೆಲ್ಲ ವಯಸ್ಸಾದವರು. ಕಣ್ಣು ಮಂಜಾಗಿ ಅಂಕಿ ಕಾಣದವರಿಗೂ ಆ ನಂಬರು ಬೆರಳಿನಲ್ಲೇ ಇತ್ತು. ಫೋನ್ ಎತ್ತಿದರೆ ಅವಳು "ಹಲೋ" ಅನ್ನುತ್ತಿರಲಿಲ್ಲ. "ಹೇಳಿ, ಎಲ್ಲಿ ನೋವು?" ಅನ್ನುತ್ತಿದ್ದಳು.

ಫೋನು ಇದ್ದದ್ದು ಗಂಡನ ಹೆಸರಿನಲ್ಲಿ.

ಗಂಡ ಹಳೆಯ ಪೀಠೋಪಕರಣ ಕೊಂಡು ಮಾರುವವನು. ಮಾತು ಬೆಣ್ಣೆ. ಯಾರು ಏನು ಕೇಳಿದರೂ "ಆಯ್ತು, ಆಯ್ತು" ಅನ್ನುವನು, ಮಾಡುವುದು ಮಾತ್ರ ಇಲ್ಲ. ಕುಂಟುವ ಮೇಜಿಗೆ ಕಾಲು ಹಾಕಿಸಿಕೊಡಿ ಅಂದರೂ ಆಯ್ತು, ಮಗಳ ಶಾಲೆಗೆ ಬನ್ನಿ ಅಂದರೂ ಆಯ್ತು. ಬೀದಿಯವರು ಅವನಿಗೆ 'ಆಯ್ತಾಯ್ತು' ಅಂತಲೇ ಹೆಸರಿಟ್ಟಿದ್ದರು. ಮಗಳು ಇನ್ನೂ ಶಾಲೆಯ ಚೀಲ ಹೊರುತ್ತಿದ್ದ ಕಾಲದಲ್ಲಿ ಅವನು ಒಂದು ದಿನ ಸರಕು ನೋಡಿಕೊಂಡು ಬರುತ್ತೇನೆಂದು ಹೋದವನು ಬರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ್ದಾನೆಂದು ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಜಗಳಕ್ಕೆ ಹೋಗಲಿಲ್ಲ ಸಿಸ್ಟರಮ್ಮ. ಅಳಲೂ ಇಲ್ಲ. ರೋಗಿಗಳು ಕೇಳಿದರೆ, "ಅವರಾ? ವ್ಯಾಪಾರದ ಮೇಲೆ ತಿರುಗ್ತಾ ಇರ್ತಾರೆ, ಮನೇಲಿ ಕಾಲು ನಿಲ್ಲಲ್ಲ" ಅಂದುಬಿಡುವಳು. ಪ್ರತಿ ತಿಂಗಳೂ ಫೋನಿನ ಬಿಲ್ಲು ಬಾಗಿಲ ಸಂದಿಯಿಂದ ಒಳಗೆ ಬೀಳುತ್ತಿತ್ತು. ಅದರ ಮೇಲೆ ಅವನ ಹೆಸರು, ಮುಂದೆ ಶ್ರೀ ಸಮೇತ, ಅಚ್ಚಾಗಿರುತ್ತಿತ್ತು. ಎದುರು ಮನೆಯವರ ಕಣ್ಣಿಗೆ ಬೀಳಲಿ ಎಂದು ಅದನ್ನು ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ಬಿಟ್ಟು, ಆಮೇಲೆ ಎತ್ತಿಕೊಳ್ಳುತ್ತಿದ್ದಳು. ಕಟ್ಟುವುದು ಅವಳೇ. ಹೆಸರು ಮಾತ್ರ ಅವನದೇ ಇರಲಿ ಎಂದು ಬಿಟ್ಟಿದ್ದಳು.

ಬಿಲ್ಲು ಸದ್ದಿಲ್ಲದೆ ಏರುತ್ತಾ ಹೋಯಿತು. ಒಂದು ದಿನ ಹತ್ತಿ, ಸ್ಪಿರಿಟ್ ಕೊಳ್ಳಲು ಔಷಧಿ ಅಂಗಡಿಗೆ ಹೋದಾಗ ಆ ಮಾತು ಬಂತು. ಅಂಗಡಿಯವನು ಅವಳಿಗಿಂತ ದೊಡ್ಡವನು, ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

"ಸಿಸ್ಟರಮ್ಮ, ನೀವು ಇಷ್ಟು ಕಟ್ತೀರಾ? ನಿಮಗೇನು ತಲೆಗಿಲೆ ಕೆಟ್ಟಿದೆಯಾ?" ಎಂದ ಅವನು. "ಬರೀ ಮಾತಾಡೋಕೆ ಅಂತ ಒಂದು ಯೋಜನೆ ಇದೆ. ನಾನು ಕಟ್ಟೋದು ಅದರ ಅರ್ಧಾನೂ ಇಲ್ಲ. ಫೋನ್ ಮಾಡಿ ಕೇಳಬೇಕು ಅಷ್ಟೇ. ಕೇಳದೇ ಇರೋರ ಹತ್ರ ಕಿತ್ಕೊಳ್ತಾನೇ ಇರ್ತಾರೆ."

"ಇಷ್ಟು ವರ್ಷದ ಗಿರಾಕಿ ನಾನು, ಅವರಾಗೇ ಹೇಳ್ಬೇಕಿತ್ತಲ್ಲ ಅಣ್ಣ?"

"ಹೇಳ್ತಾರೆ, ಹೇಳ್ತಾರೆ. ಬಾಜಾಬಜಂತ್ರಿ ಸಮೇತ ಮನೆಗೇ ಬಂದು ಹೇಳ್ತಾರೆ!"

ಮನೆಗೆ ಬಂದವಳೇ ಕಂಪನಿಗೆ ಫೋನ್ ಹಚ್ಚಿದಳು. ಅದನ್ನು ಒತ್ತಿ ಇದನ್ನು ಒತ್ತಿ ಎನ್ನುವ ಯಂತ್ರದ ದನಿ, ಆಮೇಲೆ ಪಿಟೀಲು, ಮತ್ತೆ ಯಂತ್ರ. ಕಿವಿ ಬಿಸಿಯಾದ ಮೇಲೆ ಒಬ್ಬ ಹುಡುಗಿ ಬಂದಳು. ಎಲ್ಲ ಕೇಳಿಸಿಕೊಂಡು, "ಆ ಯೋಜನೆ ಖಂಡಿತ ಇದೆ ಮೇಡಂ, ನಿಮಗೆ ಸಿಗುತ್ತೆ ಕೂಡ" ಎಂದಳು. "ಆದ್ರೆ ಯಜಮಾನರು ಮಾತಾಡ್ಬೇಕು."

"ಬಿಲ್ ಕಟ್ಟೋಳು ನಾನಮ್ಮ."

"ಇರ್ಬಹುದು ಮೇಡಂ. ಫೋನ್ ಯಾರ ಹೆಸರಲ್ಲಿದೆಯೋ ಅವರೇ ಯಜಮಾನರು. ಅವರನ್ನ ಸ್ವಲ್ಪ ಕರೀತೀರಾ?"

ಸಿಸ್ಟರಮ್ಮ ಒಂದು ಕ್ಷಣ ಖಾಲಿ ಕೋಣೆಯ ಕಡೆ ತಿರುಗಿ ನೋಡಿದಳು. "ಹೊರಗೆ ಹೋಗಿದಾರೆ" ಎಂದು ಇಟ್ಟುಬಿಟ್ಟಳು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಬಂದು ವಿಷಯ ಕೇಳಿ ನಕ್ಕಳು. "ಆ ಡಬ್ಬಾನ ಕಿತ್ತು ಬಿಸಾಕಮ್ಮ. ಇಲ್ಲಾಂದ್ರೆ ಯಾರಾದ್ರೂ ಗಂಡಸಿನ ಕೈಲಿ ಮಾತಾಡಿಸು. ಅಪ್ಪನ ದನಿ ಅವರಿಗೇನು ಗೊತ್ತು?"

ಔಷಧಿ ಅಂಗಡಿಯವನು ಒಪ್ಪಿದ. ಬಾಗಿಲು ಅರ್ಧ ಎಳೆದು, ಕೆಮ್ಮಿ ಗಂಟಲು ಸರಿಮಾಡಿಕೊಂಡು, ಮಹಾ ಗತ್ತಿನಿಂದ ಶುರು ಮಾಡಿದ. ಹೆಸರು ಸರಿಯಾಗಿ ಹೇಳಿದ. ವಿಳಾಸವನ್ನೂ ತಪ್ಪಿಲ್ಲದೆ ಒಪ್ಪಿಸಿದ. "ನಿಮ್ಮ ಹುಟ್ಟಿದ ದಿನ ಹೇಳಿ ಸರ್" ಎಂದಾಗ ಸಿಸ್ಟರಮ್ಮ ಎದುರಿಗೆ ನಿಂತು ಬೆರಳಲ್ಲಿ ತೋರಿಸುತ್ತಿದ್ದರೂ, ಅಭ್ಯಾಸಬಲದಿಂದ ಅವನು ತನ್ನದೇ ಹುಟ್ಟಿದ ದಿನ ಹೇಳಿಬಿಟ್ಟ. ಫೋನು ಕಟ್ಟಾಯಿತು.

"ನನ್ನ ಬಾಯಿಗೆ ಮಣ್ಣು ಹಾಕ" ಎಂದ ಅಂಗಡಿಯವನು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವಳು ಹಾಗೆ ನಕ್ಕದ್ದು ಆ ವರ್ಷ ಅದೇ ಕೊನೆ.

ಬೇರೆ ದಾರಿ ಇರಲಿಲ್ಲ. ಒಂದು ಭಾನುವಾರ ಎರಡು ಬಸ್ಸು ಬದಲಾಯಿಸಿ ಅವಳು ಗಂಡನ ಮನೆ ಹುಡುಕಿಕೊಂಡು ಹೋದಳು. ಮೂರು ಮಹಡಿ ಹತ್ತಿದ ಮೇಲೆ ಉಸಿರು ತಹಬದಿಗೆ ಬರಲಿ ಎಂದು ನಿಂತಿದ್ದಾಗಲೇ ಬಾಗಿಲು ತೆರೆಯಿತು. ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದವಳು ಆಕೆ. ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವ ಕೆಲಸ ಅವಳದು ಎಂದು ಸಿಸ್ಟರಮ್ಮ ಯಾರಿಂದಲೋ ಕೇಳಿದ್ದಳು. ಮುಂಗೈ ಮೇಲೆ ಹಳೆಯ ಸುಟ್ಟ ಕಲೆಗಳಿದ್ದವು. ಸಿಸ್ಟರಮ್ಮನ ಕಣ್ಣು ಮೊದಲು ಹೋದದ್ದು ಅಲ್ಲಿಗೇ.

ಆಕೆ ಗುರುತು ಹಿಡಿದಳು. ಮುಖ ಬಿಳಿಚಿಕೊಂಡಿತು. "ಬನ್ನಿ ಅಕ್ಕ" ಎಂದಳು.

ಅಕ್ಕ ಎಂಬ ಮಾತು ಸಿಸ್ಟರಮ್ಮನಿಗೆ ಹೊಡೆದ ಹಾಗಾಯಿತು. ಆದರೂ ಒಳಗೆ ಹೋಗಿ ಕೂತಳು. ಮನೆ ತುಂಬ ಮಾರಾಟವಾಗದ ಕುರ್ಚಿಗಳು, ಒಂದರ ಮೇಲೊಂದು ಬೋರಲು ಹಾಕಿದ್ದವು. ಅವುಗಳ ನಡುವಿನಿಂದ ಗಂಡ ಎದ್ದು ಬಂದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಮಾತು ಮಾತ್ರ ಹಾಗೇ ಇತ್ತು.

"ಏನು ಇಷ್ಟು ದೂರ? ಮಗು ಚೆನ್ನಾಗಿದಾಳಾ?"

"ಮಗು ನಿನಗಿಂತ ಎತ್ತರ ಆಗಿದಾಳೆ. ನಾನು ಬಂದಿದ್ದು ಅದಕ್ಕಲ್ಲ. ನೀನು ಒಂದು ಫೋನ್ ಮಾಡ್ಬೇಕು. ಕಂಪನಿಗೆ."

ವಿವರಿಸಿದಳು. ಅವನು ತಲೆದೂಗುತ್ತಾ ಕೇಳಿದ. "ಅಷ್ಟೇನಾ? ಆಯ್ತು."

"ಆಯ್ತು ಅಂದ್ರೆ ಈಗ. ನನ್ನೆದುರಿಗೆ."

"ಇವತ್ತು ಭಾನುವಾರ. ಅವರೂ ಮನುಷ್ಯರೇ ಅಲ್ವಾ? ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ. ಆಯ್ತಾ?"

ಬಾಗಿಲ ಬಳಿ ನಿಂತಿದ್ದ ಆಕೆ ಮೆಲ್ಲಗೆ ಹೇಳಿದಳು: "ಅಕ್ಕ, ಅದನ್ನ ನಿಮ್ಮ ಹೆಸರಿಗೇ ಬರೆಸ್ಕೊಂಡ್ಬಿಡಿ. ಇವರು ಒಂದು ಸಹಿ ಹಾಕ್ಲಿ, ಮುಗೀತು. ಮುಂದೆ ನಿಮಗೆ ಯಾರ ಹಂಗೂ ಇರಲ್ಲ."

ಒಳ್ಳೆಯ ಮಾತೇ. ಬೇರೆ ಯಾರು ಹೇಳಿದ್ದರೂ ಸಿಸ್ಟರಮ್ಮ ಒಪ್ಪುತ್ತಿದ್ದಳೋ ಏನೋ. ಆಕೆಯ ಬಾಯಿಂದ ಬಂದದ್ದರಿಂದ ಮೈಯೆಲ್ಲ ಉರಿದುಹೋಯಿತು. ಇದ್ದದ್ದನ್ನೆಲ್ಲ ತೆಗೆದುಕೊಂಡಾಯಿತು, ಉಳಿದ ಹೆಸರನ್ನೂ ಅಳಿಸು ಅನ್ನುತ್ತಿದ್ದಾಳೆ ಅನ್ನಿಸಿತು.

"ನನ್ನ ಮನೆ ವಿಚಾರ ನಾನು ನೋಡ್ಕೋತೀನಿ" ಎಂದಳು. "ನಿನ್ನ ಬುದ್ಧಿ ನಿನ್ನ ಹತ್ರಾನೇ ಇಟ್ಕೋ."

ಆಕೆ ತಲೆ ತಗ್ಗಿಸಿ ಒಳಗೆ ಹೋದಳು. ಕೊಟ್ಟ ಚಹಾ ಮುಟ್ಟದೆ ಸಿಸ್ಟರಮ್ಮ ಮೆಟ್ಟಿಲಿಳಿದಳು.

ನಾಳೆ ಬಂತು, ಹೋಯಿತು. ಅವನ ನಾಳೆಯ ಮೇಲೆ ಅವಳಿಗೂ ನಂಬಿಕೆ ಇರಲಿಲ್ಲ. ಬಿಲ್ಲು ಹಾಗೇ ಬಂತು, ಹಾಗೇ ಕಟ್ಟಿದಳು. ಆಮೇಲೆ ಒಂದು ಬೆಳಿಗ್ಗೆ ಫೋನ್ ಎತ್ತಿದರೆ ಉಸಿರೇ ಇಲ್ಲ. ಪ್ಲಾಸ್ಟರ್ ಸುತ್ತಿದ ಕಡೆಯೆಲ್ಲ ಹಿಸುಕಿ ನೋಡಿದಳು. ಗೋಡೆಯ ತೂತಿನಲ್ಲಿ ಬೆರಳಾಡಿಸಿದಳು. ಬೀದಿಯಲ್ಲಿ ಯಾರೋ ನೀರಿನ ಕೊಳಾಯಿಗೆ ಅಗೆಯುತ್ತಿದ್ದರು, ಅವರೇ ತಂತಿ ಕತ್ತರಿಸಿದ್ದಾರೆಂದು ಹೋಗಿ ಬಾಯಿಗೆ ಬಂದ ಹಾಗೆ ಬೈದಳು. ಅವರು ಗುದ್ದಲಿ ಊರಿಕೊಂಡು ಮಿಕಮಿಕ ನೋಡಿದರು. ಸರಿಹೋಗುತ್ತದೆಂದು ಕೆಲವು ದಿನ ಕಾದಳು. ಕೊನೆಗೆ ಔಷಧಿ ಅಂಗಡಿಯಿಂದ ಕಂಪನಿಗೆ ಫೋನ್ ಮಾಡಿ ದೂರು ಕೊಟ್ಟಳು.

"ಆ ನಂಬರ್ ಸರಿಯಾಗೇ ಕೆಲಸ ಮಾಡ್ತಿದೆ ಮೇಡಂ" ಎಂದ ಆ ಕಡೆಯವನು.

"ನನ್ನ ಮನೇಲಿ ಸತ್ತು ಬಿದ್ದಿದೆಯಪ್ಪ!"

"ಇಲ್ಲ ಮೇಡಂ. ಹೊಸ ವಿಳಾಸದಲ್ಲಿ ಕೆಲಸ ಮಾಡ್ತಿದೆ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ, ಅಂಗಡಿಯವನ ಮುಖ ನೋಡದೆ, ತನ್ನದೇ ನಂಬರನ್ನು ತಾನೇ ಒತ್ತಿದಳು. ಎಷ್ಟೋ ಜನ ಒತ್ತಿದ್ದ ಆ ಅಂಕಿಗಳನ್ನು ಅವಳು ಒತ್ತಿದ್ದೇ ಕಡಿಮೆ. ಗಂಟೆ ಬಾರಿಸಿತು.

"ಹಲೋ?" ಎಂದಿತು ಆಕೆಯ ದನಿ. "ಯಾರು? ಸಿಸ್ಟರಮ್ಮ ಬೇಕಾ? ಅವರು ಇಲ್ಲಿರಲ್ಲ..."

ಸಿಸ್ಟರಮ್ಮ ಫೋನಿಟ್ಟಳು.

ಮತ್ತೆ ಎರಡು ಬಸ್ಸು, ಮತ್ತೆ ಮೂರು ಮಹಡಿ. ಈ ಸಲ ಉಸಿರಿಗಾಗಿ ನಿಲ್ಲಲಿಲ್ಲ. ಅವಳ ಫೋನ್ ನಂಬರು ಕುರ್ಚಿಗಳ ನಡುವೆ ಹೊಳೆಯುವ ಹೊಸ ಯಂತ್ರವೊಂದರಲ್ಲಿ ಸೇರಿಕೊಂಡಿತ್ತು. ಪಕ್ಕದಲ್ಲಿ ಇಂಟರ್ನೆಟ್ ಪೆಟ್ಟಿಗೆಯ ಹಸಿರು ದೀಪ ಮಿಣುಕುತ್ತಿತ್ತು.

ಗಂಡನಿಗೆ ನಾಚಿಕೆಯೂ ಆಗಲಿಲ್ಲ, ಕೋಪವೂ ಬರಲಿಲ್ಲ. "ನೀನು ಹೇಳ್ದೆ ಅಂತಾನೇ ಮಾಡಿದ್ದು" ಎಂದ. "ಆ ಕಂಪನಿ ಹುಡುಗಿ ಎಷ್ಟು ಚೆನ್ನಾಗಿ ಮಾತಾಡಿದ್ಲು ಗೊತ್ತಾ? ಸರ್, ಎಷ್ಟು ಹಳೇ ಗಿರಾಕಿ ನೀವು, ಈಗ ಎಲ್ಲಿದೀರಾ ಅಂದ್ಲು. ಇರೋ ಜಾಗ ಹೇಳ್ದೆ. ಸುಳ್ಳು ಹೇಳೋಕಾಗುತ್ತಾ? ಹಾಗಾದ್ರೆ ಫೋನನ್ನ ಅಲ್ಲಿಗೇ ತರ್ತೀವಿ, ಇಂಟರ್ನೆಟ್ಟೂ ಸೇರಿ ಅರ್ಧ ಬೆಲೆ, ನಂಬರ್ ಅದೇ ಇರುತ್ತೆ ಅಂದ್ಲು. ಆಯ್ತು ಅಂದೆ."

"ಜನ್ಮದಲ್ಲಿ ಒಂದು ಸಲ, ಆಯ್ತು ಅಂದಿದ್ದನ್ನ ಮಾಡಿದೀಯ. ಅದೂ ಇದನ್ನ."

"ಕೂಗಾಡ್ಬೇಡ. ನೀನೂ ಒಂದು ಹೊಸದು ತಗೋ. ಈಗೆಲ್ಲ ಅಗ್ಗ."

"ಆ ನಂಬರು ನನ್ನ ಅನ್ನ! ವಾಪಸ್ ಮಾಡಿಸು."

"ಎರಡು ವರ್ಷ ಬಿಡೋ ಹಾಗಿಲ್ಲ ಅಂತ ಕರಾರಾಗಿದೆ. ಬಿಟ್ರೆ ದಂಡ. ದಂಡ ನೀನು ಕಟ್ತೀಯಾ? ಕಟ್ಟೋದಾದ್ರೆ ಆಯ್ತು, ನೋಡೋಣ."

ಆ "ಆಯ್ತು" ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನ ಜೊತೆ ಮಾತು ಮುಗಿಸಿ ಇಳಿಯುತ್ತಿದ್ದಾಗ ಆಕೆ ಹಿಂದೆಯೇ ಓಡಿ ಬಂದಳು. ಕಣ್ಣು ಕೆಂಪಾಗಿತ್ತು. "ಅಕ್ಕ, ನನಗೆ ಗೊತ್ತಿರ್ಲಿಲ್ಲ. ಇಂಟರ್ನೆಟ್ ತರಿಸ್ತೀನಿ ಅಂದ್ರು, ನಿಮ್ಮ ನಂಬರ್ ಅಂತ ಹೇಳ್ಲಿಲ್ಲ. ಫೋನ್ ಬರೋಕೆ ಶುರುವಾದ ಮೇಲೇ ಗೊತ್ತಾಗಿದ್ದು. ದಿನವಿಡೀ ಬರುತ್ತೆ, ಪಾಪ, ನರಳ್ತಾ ಮಾತಾಡ್ತಾರೆ. ನೀವು ಹೊಸ ನಂಬರ್ ತಗೊಂಡು ನನಗೆ ಹೇಳಿ, ಕೇಳಿದವರಿಗೆಲ್ಲ ಕೊಡ್ತೀನಿ."

ಸಿಸ್ಟರಮ್ಮ ಮೆಟ್ಟಿಲಿಳಿದಳು. ಆ ಮನೆಯಲ್ಲಿ ನೆಚ್ಚಬಹುದಾದ ಜೀವ ಇವಳೊಬ್ಬಳೇ ಎಂಬುದು ಅವಳಿಗೆ ಇನ್ನಷ್ಟು ಕಹಿಯಾಯಿತು.

ಕಂಪನಿಯ ಕಚೇರಿಯಲ್ಲಿ ಗಾಜಿನ ಹಿಂದೆ ಒಬ್ಬ ನಡುವಯಸ್ಸಿನ ಹೆಂಗಸು ಕೂತಿದ್ದಳು. ಸಿಸ್ಟರಮ್ಮ ಕಟ್ಟಿದ ಬಿಲ್ಲುಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದಳು. ಆಕೆ ಅವನ್ನು ಬಿಚ್ಚಿಯೂ ನೋಡಲಿಲ್ಲ.

"ಯಾರು ಕಟ್ಟಿದ್ರು ಅನ್ನೋದು ನಮಗೆ ಲೆಕ್ಕಕ್ಕಿಲ್ಲ ಅಮ್ಮ. ಯಾರ ಹೆಸರು ಅನ್ನೋದು ಲೆಕ್ಕ. ನೀವಿಬ್ರೂ ಗಂಡ ಹೆಂಡತಿ ತಾನೇ? ಮನೇಲಿ ಕೂತು ಮಾತಾಡ್ಕೊಂಡು ಬನ್ನಿ."

ಹಿಂದೆ ಸಾಲಿನಲ್ಲಿ ನಿಂತವರು ಕಿವಿ ನಿಮಿರಿಸಿದ್ದರು. ಗಂಡ ಬಿಟ್ಟು ಹೋಗಿದ್ದಾನೆ ಎಂಬ ಮಾತು ಬಾಯಿಯವರೆಗೆ ಬಂತು. ನುಂಗಿಕೊಂಡಳು. "ಹೊಸ ಲೈನಾದ್ರೆ ಎಷ್ಟಾಗುತ್ತೆ?" ಎಂದಷ್ಟೇ ಕೇಳಿದಳು.

ಹೆಂಗಸಿನ ಮುಖ ಅರಳಿತು. ಹೊಸ ಗಿರಾಕಿಗಳಿಗೆ ಎಲ್ಲಕ್ಕಿಂತ ಕಡಿಮೆಯಂತೆ. ಔಷಧಿ ಅಂಗಡಿಯವನು ಕಟ್ಟುವುದಕ್ಕಿಂತಲೂ ಕಡಿಮೆ. ಇಷ್ಟು ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದವಳಿಗೆ ಕೊಡದಿದ್ದ ರಿಯಾಯಿತಿಯನ್ನು, ಇವತ್ತು ಮೊದಲ ಸಲ ಬಂದವಳೆಂದು ಕೈಹಿಡಿದು ಕೊಟ್ಟರು. ನಂಬರು ಮಾತ್ರ ಹೊಸದು. ಹಳೆಯದರ ಒಂದು ಅಂಕಿಯೂ ಅದರಲ್ಲಿ ಇದ್ದ ಜಾಗದಲ್ಲಿರಲಿಲ್ಲ.

ಆಗ ಶುರುವಾಯಿತು ಅಲೆದಾಟ. ಈಗ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಮನೆಗಳಿಗೆ ತಾನೇ ಹೋಗಿ ಹೊಸ ನಂಬರ್ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದಳು. ವಾಸಿಯಾಗಿ ಸುಮ್ಮನಿದ್ದವರು, ಮುಂದೆ ಯಾವಾಗಲೋ ಬೇಕಾಗುವವರು, ಎಲ್ಲರ ಮನೆ ನೆನಪಿಗೆ ಬರಲಿಲ್ಲ. ಇಸ್ತ್ರಿ ಮಾಡುವಾಕೆಗೂ ನಂಬರ್ ತಲುಪಿಸಿದಳು, ಮಗಳ ಕೈಯಲ್ಲಿ, ತಾನು ಹೋಗದೆ. ಆಕೆ ಮಾತಿಗೆ ತಪ್ಪಲಿಲ್ಲ. "ಇಸ್ತ್ರಿ ಅಕ್ಕ ಕೊಟ್ರು ನಿಮ್ಮ ನಂಬರು" ಎಂದು ಒಬ್ಬಿಬ್ಬರು ಫೋನ್ ಮಾಡಿದರು. ಆದರೆ ಆಕೆ ಹಗಲೆಲ್ಲ ಹೋಟೆಲಿನಲ್ಲಿ ದುಡಿಯುವವಳು. ಹಗಲು ಮನೆಯಲ್ಲಿರುವವನು ಅವನು.

ಡ್ರಿಲ್ ಮೇಷ್ಟ್ರ ಸುದ್ದಿ ತಿಳಿದದ್ದು ಔಷಧಿ ಅಂಗಡಿಯಲ್ಲಿ. ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು, ರೈಲು ಹಳಿಯ ಆಚೆ ತಂಗಿಯ ಜೊತೆ ಇದ್ದರು. ಸಕ್ಕರೆ ಕಾಯಿಲೆ. ಹಿಂದೊಮ್ಮೆ ಅಂಗಾಲಿನಲ್ಲಿ ಹುಣ್ಣಾದಾಗ ಸಿಸ್ಟರಮ್ಮ ಒಂದು ಚಳಿಗಾಲವಿಡೀ ಹೋಗಿ ತೊಳೆದು ವಾಸಿ ಮಾಡಿದ್ದಳು. "ಮತ್ತೆ ಕಡಲೆಕಾಳಿನಷ್ಟು ಗಾಯ ಆದ್ರೂ ಫೋನ್ ಮಾಡ್ಬೇಕು, ಶಿಸ್ತು ಬರೀ ಹುಡುಗರಿಗಲ್ಲ" ಎಂದು ಹೇಳಿ ಬಂದಿದ್ದಳು.

"ಮೇಷ್ಟ್ರ ಅರ್ಧ ಪಾದ ತೆಗೆದ್ರಂತೆ" ಎಂದ ಅಂಗಡಿಯವನು. "ಬೆರಳಿಂದ ಶುರುವಾಗಿದ್ದು, ಕಪ್ಪಾಗಿ ಮೇಲೇರಿಬಿಡ್ತಂತೆ. ನಿಮಗೆ ಹೇಳಿ ಕಳಿಸ್ಲಿಲ್ವಾ?"

ಅವಳು ಕೊಂಡ ಹತ್ತಿಯನ್ನು ಅಲ್ಲೇ ಬಿಟ್ಟು ನಡೆದಳು.

ಮೇಷ್ಟ್ರು ಕಿಟಕಿಯ ಬಳಿ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಸೀಟಿ ಊದಿ ಊದಿ ಗಟ್ಟಿಯಾಗಿದ್ದ ಕೆನ್ನೆಗಳು ಜೋತಿದ್ದವು. ಅವಳನ್ನು ಕಂಡು ಎಂದಿನಂತೆ ಎದೆ ಸೆಟೆಸಲು ನೋಡಿದರು.

"ಬನ್ನಿ ಸಿಸ್ಟರಮ್ಮ. ನೋಡಿ, ಅರ್ಧ ಕಾಲಿಗೆ ರಜೆ ಕೊಟ್ಬಿಟ್ರು."

"ನನಗೆ ಯಾಕೆ ಹೇಳ್ಲಿಲ್ಲ ಮೇಷ್ಟ್ರೇ?" ಅವಳ ದನಿ ಬೈಯುವ ದನಿಯಾಗಿಯೇ ಹೊರಟಿತು. "ಎಷ್ಟು ಬಡ್ಕೊಂಡಿದ್ದೆ? ಒಂದು ಗುಳ್ಳೆ ಎದ್ರೂ ಕರೀರಿ ಅಂತ ಹೇಳಿದ್ನೋ ಇಲ್ವೋ?"

"ಕರೆದಿದ್ದೆನಲ್ಲಮ್ಮ." ಮೇಷ್ಟ್ರ ಮುಖದಲ್ಲಿ ಆಶ್ಚರ್ಯವಿತ್ತು, ಆಕ್ಷೇಪ ಇರಲಿಲ್ಲ. "ಬೆರಳ ಸಂದೀಲಿ ಬಿರುಕು ಕಂಡ ದಿನಾನೇ ಮಾಡ್ದೆ. ನಿಮ್ಮ ಯಜಮಾನರು ತೆಗೆದ್ರು. ಸಿಸ್ಟರಮ್ಮಂಗೆ ಹೇಳಿ, ಕಾಲು ಮತ್ತೆ ಕೆಟ್ಟಿದೆ, ಬಿಡುವಾದಾಗ ಬರ್ಲಿ ಅಂದೆ. ಆಯ್ತು ಸಾರ್, ಹೇಳ್ತೀನಿ ಅಂದ್ರು. ಬಹಳ ಮರ್ಯಾದೆಯಿಂದ ಮಾತಾಡಿದ್ರು."

ಸಿಸ್ಟರಮ್ಮ ಹಾಸಿಗೆಯ ತುದಿಯಲ್ಲಿ ಕೂತಳು.

ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದನ್ನು ಈಗ ಇಲ್ಲಿ ಇಳಿಸಬೇಕಿತ್ತು. ಹೇಳದಿದ್ದರೆ, ಸುದ್ದಿ ತಿಳಿದೂ ಬರದೆ ಮೇಷ್ಟ್ರ ಕಾಲು ಕೊಳೆಯಲು ಬಿಟ್ಟವಳಾಗುತ್ತಾಳೆ. ಹೇಳಿದರೆ, ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳೆಂದು ಅವಳ ಬಾಯಿಂದಲೇ ಬರುತ್ತದೆ. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅವರು ನನ್ನ ಜೊತೆ ಇಲ್ಲ ಮೇಷ್ಟ್ರೇ" ಎಂದಳು. "ಬಹಳ ವರ್ಷ ಆಯ್ತು. ಬೇರೆ ಮನೆ ಮಾಡ್ಕೊಂಡಿದಾರೆ. ಆ ಫೋನು ಈಗ ಅಲ್ಲಿದೆ. ನನಗೆ ಯಾರೂ ಏನೂ ಹೇಳ್ಲಿಲ್ಲ. ನಿಮ್ಮಾಣೆ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು.

"ಬೇರೆ ಮನೆ ಮಾಡಿದ್ದು ಗೊತ್ತಮ್ಮ. ಎಲ್ರಿಗೂ ಗೊತ್ತಿತ್ತು. ನಿಮ್ಮೆದುರಿಗೆ ಆಡ್ತಿರ್ಲಿಲ್ಲ, ಅಷ್ಟೇ."

ಅವಳು ತಲೆ ಎತ್ತಿದಳು.

"ಅದಕ್ಕೇ ಅವತ್ತು ಆ ದನಿ ಕೇಳಿ ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ತಂಗಿಗೂ ಹೇಳ್ದೆ, ಸಿಸ್ಟರಮ್ಮನ ಯಜಮಾನರು ವಾಪಸ್ ಬಂದಿದಾರೆ ಅಂತ. ನೀವು ಬರ್ದೇ ಇದ್ದಾಗ, ಈಗ ತಾನೇ ಸಂಸಾರ ಕೂಡ್ಕೊಂಡಿದೆ, ಇಬ್ರೂ ನಾಲ್ಕು ದಿನ ನೆಮ್ಮದಿಯಾಗಿರ್ಲಿ, ಮತ್ತೆ ಮತ್ತೆ ಫೋನ್ ಮಾಡಿ ಪೀಡಿಸೋದು ಬೇಡ ಅಂದ್ಕೊಂಡೆ. ಇವಳು ಇನ್ನೊಂದು ಸಲ ಮಾಡು ಅಂದ್ಲು. ನಾನೇ ಬೇಡ ಅಂದೆ."

ಒಳಗಿನಿಂದ ತಂಗಿ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಆ ಸದ್ದೂ ನಿಂತಿತು. ಆಕೆಯೂ ಕೇಳಿಸಿಕೊಳ್ಳುತ್ತಿದ್ದಳು.

ಸಿಸ್ಟರಮ್ಮನಿಗೆ ಮೊದಲು ಕಾಡಿದ್ದು ಕಾಲಲ್ಲ. ಹೊಸ್ತಿಲಲ್ಲಿ ಬಿಟ್ಟ ಬಿಲ್ಲುಗಳು, "ವ್ಯಾಪಾರದ ಮೇಲೆ ತಿರುಗ್ತಾ ಇರ್ತಾರೆ" ಎಂದ ಮಾತುಗಳು, ಆಗೆಲ್ಲ "ಹೌದಾ, ಪಾಪ, ಎಷ್ಟು ತಿರುಗಾಟ" ಎಂದು ತಲೆಯಾಡಿಸಿದ ಒಂದೊಂದು ಮುಖ. ಅವರೆಲ್ಲ ಅವಳಿಗಾಗಿ ನಟಿಸಿದ್ದರು. ಅದಾದ ಮೇಲೆಯೇ ಕಾಲು ಕಣ್ಣಿಗೆ ಬಿದ್ದದ್ದು, ಅದರ ಜೊತೆಗೇ ಒಂದು ಅಸಹ್ಯ: ಎದುರಿಗೆ ಮನುಷ್ಯನ ಅರ್ಧ ಪಾದ ಹೋಗಿದೆ, ನನಗೆ ಮೊದಲು ನನ್ನ ಮಾನದ ಚಿಂತೆ ಬಂತಲ್ಲ.

"ಪಟ್ಟಿ ಯಾರು ಕಟ್ಟಿದ್ದು?" ಎಂದು ಕೇಳಿದಳು. "ಹೀಗಾ ಕಟ್ಟೋದು? ಮೂಟೆ ಕಟ್ಟಿದ ಹಾಗಿದೆ." ನೆಲಕ್ಕೆ ಕೂತು, ಚೀಲ ತೆರೆದು, ಬಿಚ್ಚತೊಡಗಿದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅವರೂ ಅಯ್ಯೋ ಅನ್ನಲಿಲ್ಲ, ಅವಳೂ ಏನೂ ಅನ್ನಲಿಲ್ಲ.

ಅಲ್ಲಿಂದ ಗಂಡನ ಮನೆಗೆ ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆಂದು ಬಸ್ ನಿಲ್ದಾಣದವರೆಗೆ ಹೋದಳು. ಹೋಗಿ ಏನು ಹೇಳುವುದು? ಕಾಲು ಹೋಯಿತು ಅಂದರೆ, "ಅಯ್ಯೋ, ಮರೆತೇಬಿಟ್ಟೆ" ಅನ್ನುತ್ತಾನೆ. ನಿಜವಾಗಿಯೂ ಮರೆತಿರುತ್ತಾನೆ. ಬಂದ ಬಸ್ಸನ್ನು ಬಿಟ್ಟು ನಡೆದೇ ಮನೆಗೆ ಹೋದಳು.

ಗಾಯ ಒಣಗುವವರೆಗೂ ಮೇಷ್ಟ್ರ ಮನೆಗೆ ಹೋದಳು. ದುಡ್ಡು ಮುಟ್ಟಲಿಲ್ಲ. ಆದರೆ ಅಲ್ಲಿ ಮೊದಲಿನ ಹಾಗೆ ಬೈಯಲು ಬಾಯಿ ಬರಲಿಲ್ಲ. ಬೈಯದ ಸಿಸ್ಟರಮ್ಮನ ಎದುರು ಮೇಷ್ಟ್ರಿಗೂ ಕೂರಲು ಕಷ್ಟವಾಗುತ್ತಿತ್ತು. ಕೊನೆಯ ಪಟ್ಟಿ ತೆಗೆದ ಮೇಲೆ ಅವರು ಕರೆಸಲೂ ಇಲ್ಲ, ಅವಳು ಹೋಗಲೂ ಇಲ್ಲ.

ಇಸ್ತ್ರಿ ಮಾಡುವಾಕೆ ಹಲವು ತಿಂಗಳು ಹಳೆಯ ರೋಗಿಗಳಿಗೆ ಹೊಸ ನಂಬರ್ ಹೇಳುತ್ತಲೇ ಇದ್ದಳು. ಮೇಷ್ಟ್ರ ವಿಷಯ ಅವಳ ಕಿವಿಗೂ ಬಿದ್ದಿರಬೇಕು. ಆಮೇಲೆ ಆಕೆಗೂ ಸಾಕಾಯಿತು. ಕೆಲಸದಿಂದ ಬಂದು ಕೂತರೆ ಊಟಕ್ಕೆ ಬಿಡದ ಹಾಗೆ ಯಾರದೋ ನರಳಾಟ. ಗಂಡನಿಗೆ ಹೇಳಿ ಹೇಳಿ ಸೋತು, ಅರ್ಜಿಗೆ ಅವನ ಸಹಿ ಮಾತ್ರ ಹಾಕಿಸಿಕೊಂಡು ತಾನೇ ಕಂಪನಿಯ ಬೆನ್ನು ಹತ್ತಿ ಆ ನಂಬರನ್ನೇ ಬಿಡಿಸಿ ಬೇರೆ ಹಾಕಿಸಿಕೊಂಡಳು. ಅಲ್ಲಿಗೆ ಅದು ಯಾರದೂ ಅಲ್ಲದ್ದಾಯಿತು.

ಹೊಸ ಫೋನಿಗೆ ಕರೆ ಬರುವುದು ಅಪರೂಪವಾಯಿತು. ಮನೆಗೆ ನರ್ಸುಗಳನ್ನು ಕಳಿಸುವ ಒಂದು ಸಂಸ್ಥೆಯಲ್ಲಿ ಸಿಸ್ಟರಮ್ಮ ಕೆಲಸಕ್ಕೆ ಸೇರಿದಳು. ಅವರು ಹೇಳಿದ ಹೊತ್ತಿಗೆ, ಹೇಳಿದ ಮನೆಗೆ, ಅವರು ಕೊಟ್ಟ ನೀಲಿ ಅಂಗಿ ತೊಟ್ಟು ಹೋಗುವುದು. ರೋಗಿಗಳಿಗೆ ಸ್ವಂತ ನಂಬರ್ ಕೊಡಕೂಡದೆಂಬುದು ಅಲ್ಲಿನ ಮೊದಲ ಷರತ್ತು. ಒಂದು ಸಂಜೆ ಮಗಳು ಬಾಗಿಲಲ್ಲಿ ಬಿದ್ದಿದ್ದ ಬಿಲ್ಲನ್ನು ಎತ್ತಿಕೊಂಡು ಬಂದಳು. ಅದರ ಮೇಲೆ ತಾಯಿಯ ಹೆಸರಿತ್ತು. ಮೊತ್ತ ನೋಡಿ ಹುಬ್ಬೇರಿಸಿದಳು.

"ಇಷ್ಟೇನಾ? ಯಾರೂ ಮಾಡದ ಫೋನಿಗೆ ಇದಾದ್ರೂ ಯಾಕಮ್ಮ? ತೆಗೆಸಿಬಿಡೋಣ."

ಸಿಸ್ಟರಮ್ಮ ನೀಲಿ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ಕಾಲರ್ ಉಜ್ಜುತ್ತಿದ್ದಳು.

"ಇರ್ಲಿ ಬಿಡು" ಎಂದಳು. "ಅಗ್ಗಕ್ಕೆ ಸಿಕ್ಕಿದೆ."

ಮಗಳು ಇನ್ನೇನೋ ಹೇಳಲು ಹೋಗಿ, ತಾಯಿಯ ಕೈ ಉಜ್ಜುತ್ತಿದ್ದ ರಭಸ ನೋಡಿ, ಬಿಲ್ಲನ್ನು ಫೋನಿನ ಕೆಳಗೆ ಸಿಕ್ಕಿಸಿಟ್ಟಳು.